ಎಲ್ಲ ಮನೆಗೆ ಬರಲಿ

ತ್ರಿಪ್ಪುಣಿತ್ತುರದಿಂದ ಕಲೂರಿಗೆ ಆಟೋದಲ್ಲಿ ಬರುವಾಗ ನನ್ನ ಮಡಿಲಲ್ಲಿದ್ದ ಪೆಟ್ಟಿಗೆಯಿಂದ ಆ ವಾಸನೆ ಎದ್ದಿತು. ಹುಳಿಹುಳಿಯಾದ ಜೇನು, ಅದರ ಜೊತೆಗೆ ಹಲಸಿನ ಮೇಣವೋ ಧೂಪದ ರಾಳವೋ ಅನ್ನಿಸುವ ಒಂದು ಅಂಟು ಘಮ. ಮೆಟ್ರೋದಲ್ಲಿ ಅರ್ಧ ಗಂಟೆಯ ದಾರಿ ಅದು. ಆದರೆ ಜೀವವಿರುವ ಜೇನುಪೆಟ್ಟಿಗೆ ಹಿಡಿದುಕೊಂಡು ತಪಾಸಣೆಯವರ ಎದುರು ನಿಲ್ಲುವ ಧೈರ್ಯ ಯಾರಿಗಿದೆ ಮಾರಾಯ್ರೆ? ಆಟೋದವನು ಎರಡು ಸಲ ಮೂಗು ಅರಳಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ, ಚೇಚಿ, ಅದು ಉಪ್ಪಿನಕಾಯಿಯಾ ಎಂದು ಕೇಳಿದ. ಹೌದು ಅಂದುಬಿಟ್ಟೆ. ನನ್ನ ಬಾಯಿಗೆ ಸುಳ್ಳು ಎಷ್ಟು ಬೇಗ ಬರುತ್ತದೆ ಎಂದು ಆಮೇಲೆ ನಾಚಿಕೆಯಾಯಿತು. ಆ ಪೆಟ್ಟಿಗೆಯ ಜೇನನ್ನು ಸಾಕಿದವರಿಗೂ ನಾನು ಒಂದು ಸುಳ್ಳು ಹೇಳಿದ್ದೆ.

ಅವರನ್ನು ಇಡೀ ಕಾಲೇಜು ‘ಟೀಚರ್’ ಎಂದೇ ಕರೆಯುತ್ತಿತ್ತು. ಟೀಚರುಗಳು ಅಲ್ಲಿ ನಲವತ್ತು ಜನ ಇದ್ದರೂ ಬರೀ ಟೀಚರ್ ಅಂದರೆ ಪ್ರಾಣಿಶಾಸ್ತ್ರದ ಇವರೊಬ್ಬರೇ. ಕಾಲೇಜು ತಿರುವನಂತಪುರದ ಹೊರಗೆ, ಶ್ರೀಕಾರ್ಯಂ ದಾಟಿ ಬಸ್ಸಿನಲ್ಲಿ ಇನ್ನೂ ಅರ್ಧ ಗಂಟೆ ಹೋಗಬೇಕಾದ ಒಂದು ಗುಡ್ಡದ ಬುಡದಲ್ಲಿತ್ತು. ಅದರ ಗೇಟಿನ ಪಕ್ಕದಲ್ಲೇ ನಮ್ಮ ಬ್ಯಾಂಕಿನ ಶಾಖೆ. ನಾನು ಬಂಟ್ವಾಳದವಳು, ವರ್ಗವಾಗಿ ಅಲ್ಲಿಗೆ ಬಂದು ಬಿದ್ದವಳು. ಹರಕುಮುರುಕು ಮಲಯಾಳದಲ್ಲಿ ದಿನವಿಡೀ ಒದ್ದಾಡಿ ಸಾಕಾಗಿರುತ್ತಿತ್ತು. ಟೀಚರ್ ಕಾಸರಗೋಡಿನವರು, ಮನೆಮಾತು ಮಲಯಾಳವಾದರೂ ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ. ನನ್ನ ಭಾಷೆಯಲ್ಲಿ ನಾನು ಹೊಟ್ಟೆತುಂಬ ಬಯ್ಯುವುದನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದ ಏಕೈಕ ಜೀವ ಅವರು.

ಪರಿಚಯವಾದದ್ದೂ ಒಂದು ಬಯ್ಗುಳದಿಂದಲೇ. ಬ್ಯಾಂಕಿನ ಕರೆಂಟ್ ಮೀಟರಿನ ಪೆಟ್ಟಿಗೆಯೊಳಗೆ ಕಪ್ಪಗೆ ಏನೋ ಗೂಡು ಕಟ್ಟಿತ್ತು. ಸೊಳ್ಳೆಗಿಂತ ಸ್ವಲ್ಪ ದಪ್ಪದ ಹುಳಗಳು ಬಂದುಹೋಗುತ್ತಿದ್ದವು. ಮದ್ದು ಹೊಡೆಯುವವನನ್ನು ಕರೆಸಿ ಎಂದು ನಾನು ಅಬ್ಬರಿಸುತ್ತಿದ್ದಾಗ ಗೇಟಿನ ಕಾವಲಿನವನು ಓಡಿಹೋಗಿ ಟೀಚರನ್ನು ಕರೆತಂದ. ಬಂದವರು ಕೊಡೆ ಮಡಚಿ ಮೀಟರಿಗೆ ಅಡ್ಡ ನಿಂತರು. ನನ್ನ ಮಾತಿನಲ್ಲೇ ಊರು ಕಂಡುಹಿಡಿದರು. “ಇದು ಮುಜಂಟಿ ಅಲ್ವಾ? ನಿಮ್ಮ ಊರಲ್ಲಿ ಮಕ್ಕಳಿಗೆ ಕೆಮ್ಮಿಗೆ ಇದರ ಜೇನು ಕೊಡುವುದಿಲ್ವಾ?” ಎಂದರು. ಚುಚ್ಚಲಾರದ ಆ ಪುಟ್ಟ ಜೇನಿನ ಜೇನನ್ನು ನೆಕ್ಕಿಯೇ ನಾನು ಬೆಳೆದದ್ದು. ಹುಳವನ್ನು ಮಾತ್ರ ಹತ್ತಿರದಿಂದ ನೋಡಿದವಳಲ್ಲ.

ಸರಿ, ತೆಗೆದುಕೊಂಡು ಹೋಗಿ ಎಂದರೆ ಈಗ ಆಗುವುದಿಲ್ಲವಂತೆ. ಗಂಟೆ ಆಗ ಮೂರೂವರೆ. ಅವರು ಸಂಜೆ ಆರೂವರೆಯವರೆಗೆ ಬ್ಯಾಂಕಿನ ಮೆಟ್ಟಿಲಲ್ಲಿ ಕೂತರು, ನನ್ನನ್ನೂ ಕೂರಿಸಿದರು. “ಹಗಲಲ್ಲಿ ತೆಗೆದರೆ ಹೂವಿಗೆ ಹೋದವು ವಾಪಸ್ ಎಲ್ಲಿಗೆ ಬರಬೇಕು? ಎಲ್ಲ ಮನೆಗೆ ಬರಲಿ, ಮತ್ತೆ ಹೋಗುವ.” ಜೇನಿಗೆ ಇರುವುದು ಜಾಗದ ಗುರುತು, ಪೆಟ್ಟಿಗೆಯದ್ದಲ್ಲ ಎಂದೂ ಹೇಳಿದ್ದರು. ಹೇಳಿದ್ದರು ಎಂದು ಈಗ ನೆನಪಾಗುತ್ತದೆ... ಆಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ಬಸ್ ತಪ್ಪಿತು. ನಾನು ಗೊಣಗಿದ್ದಕ್ಕೆ ಅವರು ‘ಸಾರ ಇಲ್ಲ’ ಎಂದು ನಕ್ಕರು. ಪರವಾಗಿಲ್ಲ ಎನ್ನುವುದಕ್ಕೆ ಅವರು ಹೇಳುವ ಮಾತು ಅದು. ಹುಡುಗಿಯರು ಪರೀಕ್ಷೆಯಲ್ಲಿ ಫೇಲಾದರೂ ಸಾರ ಇಲ್ಲ, ಕ್ಯಾಂಟೀನಿನ ಸಾಂಬಾರು ಹಳಸಿದರೂ ಸಾರ ಇಲ್ಲ.

ಆಮೇಲೆ ನಾನು ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಅವರಲ್ಲಿಗೆ ಹೋಗತೊಡಗಿದೆ. ಪ್ರಯೋಗಾಲಯದ ಹಿಂದೆ, ಗುಡ್ಡ ಶುರುವಾಗುವಲ್ಲಿ ಅವರ ಹದಿನೆಂಟು ಗೂಡುಗಳಿದ್ದವು. ಒಂದು ಕಲ್ಲಿನ ಮೇಲೆ, ಒಂದು ಬೇರಿನ ಸಂದಿಯಲ್ಲಿ, ಒಂದು ಸೂರಿನ ಕೆಳಗೆ ತೂಗುಹಾಕಿ, ಹೀಗೆ ಸಾಲಿಲ್ಲ ಸಂಖ್ಯೆಯಿಲ್ಲ. ಎಲ್ಲಿಂದ ಸಿಕ್ಕಿತು ಎನ್ನುವುದನ್ನು ಮಾತ್ರ ಮುಚ್ಚಳದ ಮೇಲೆ ಬರೆದಿಡುತ್ತಿದ್ದರು. ಕ್ಯಾಂಟೀನ್ ಗೋಡೆ, ಹಾಸ್ಟೆಲ್ ಪೈಪು, ಪ್ರಿನ್ಸಿಪಾಲರ ಕಿಟಕಿ. ನಮ್ಮದಕ್ಕೆ ಕನ್ನಡದಲ್ಲಿ ‘ಬ್ಯಾಂಕ್’ ಎಂದು. ಬಿಸಿಲಿಗೆ ತೆರೆದ ಒಂದು ಕಟ್ಟೆಯ ಮೇಲೆ ಒಂದು ಮಣ್ಣಿನ ಮಡಕೆ. ಅದರ ಮೇಲೆ ಏನೂ ಬರೆದಿರಲಿಲ್ಲ. ಕಾಸರಗೋಡಿನ ಮನೆಯ ಗೋಡೆಯಲ್ಲಿ ಅವರ ಅಮ್ಮ ಸಾಕಿದ್ದ ಸಂಸಾರ ಅದು. ಅಮ್ಮ ಹೋದ ಮೇಲೆ, ಮನೆ ಕೆಡವುವ ಮೊದಲು, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದಂತೆ. ಆ ಮಾರ್ಚಿನಲ್ಲಿ ಟೀಚರಿಗೆ ನಿವೃತ್ತಿ. ಪೆಟ್ಟಿಗೆಗಳೆಲ್ಲ ಕಾಲೇಜಿಗೆ, ಮಡಕೆ ಒಂದು ನನ್ನ ಜೊತೆ ಬರುತ್ತದೆ ಎನ್ನುತ್ತಿದ್ದರು.

ಫೆಬ್ರವರಿ ಕೊನೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು.

ಮೊದಲ ದಿನ ಎಲ್ಲರಿಗೂ ಅದೊಂದು ನೋಟ. ಎತ್ತರದಲ್ಲಿ ಮುಳಿಹುಲ್ಲು ಉರಿಯುತ್ತಿತ್ತು, ಹುಡುಗರು ಮಹಡಿಯಿಂದ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಎರಡನೆಯ ದಿನ ಬೆಂಕಿ ಅಕೇಶಿಯಾ ತೋಪಿಗೆ ಇಳಿಯಿತು. ಬರೆಯುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ಕರಿ ಉದುರತೊಡಗಿತು, ಪರೀಕ್ಷೆ ನಿಂತಿತು. ಅಗ್ನಿಶಾಮಕದ ವಾಹನ ಕೊನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು, ಅಲ್ಲಿಂದ ಪೈಪು ಮುಟ್ಟುವುದಿಲ್ಲ. ಹುಡುಗರು ಹಸಿರು ಸೊಪ್ಪಿನ ಗೆಲ್ಲುಗಳಿಂದ ಬಡಿಬಡಿದು ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹೊಗೆ. ಎಲ್ಲರ ಬಾಯಲ್ಲೂ ಗಾಳಿಯದ್ದೇ ಮಾತು. ಗಣಿತದ ಮಾಷ್ ಗಳಿಗೆಗೊಮ್ಮೆ ಫೋನಿನಲ್ಲಿ ಗಾಳಿಯ ದಿಕ್ಕು ನೋಡಿ ಹೇಳುತ್ತಿದ್ದರು. ಕ್ಯಾಂಟೀನಿನ ಚೇಟ್ಟನ್ ಡ್ರಮ್ಮುಗಟ್ಟಲೆ ನಿಂಬೆನೀರು ಮಾಡುತ್ತಿದ್ದ. ಉಳಿದವರು ಕುತ್ತಿಗೆ ಎತ್ತಿ ಗುಡ್ಡ ನೋಡುತ್ತ ನಿಂತೆವು. ನೂರಾರು ಓದಿದ ತಲೆಗಳು, ಒಂದಕ್ಕೂ ಮಾಡಲು ಏನೂ ಇರಲಿಲ್ಲ. ನನಗೆ ಬೆಂಕಿಗಿಂತ ಆ ನಿಲ್ಲುವಿಕೆಯೇ ಸಹಿಸಲಾಗಲಿಲ್ಲ. ನನ್ನ ಕೈ ಸುಮ್ಮನಿರುವ ಕೈಯಲ್ಲ, ಮೊದಲಿನಿಂದಲೂ ಅದೇ ನನ್ನ ರೋಗ.

ಎರಡನೆಯ ದಿನ ಸಂಜೆಯೇ ಗೂಡುಗಳನ್ನು ಸಾಗಿಸಬಹುದಿತ್ತು. ಆದರೆ ಟೀಚರಿಗೆ ಹಾಸ್ಟೆಲಿನ ಜವಾಬ್ದಾರಿಯೂ ಇತ್ತು, ಆ ಸಂಜೆಯೆಲ್ಲ ಹೊಗೆಗೆ ಉಬ್ಬಸ ಬಂದ ಒಬ್ಬ ಹುಡುಗಿಯನ್ನು ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಕಳೆದಿದ್ದರು. ಮೂರನೆಯ ದಿನ ಹಾಸ್ಟೆಲ್ ಖಾಲಿ ಮಾಡಿಸಿದರು. ಹುಡುಗಿಯರನ್ನೆಲ್ಲ ಪೇಟೆಯ ಇನ್ನೊಂದು ಕಾಲೇಜಿಗೆ ಕರೆದೊಯ್ಯುವ ಬಸ್ಸಿನಲ್ಲಿ ಟೀಚರೂ ಹೋಗಬೇಕಾಯಿತು. ಬಸ್ ಹತ್ತುವ ಮೊದಲು ನನ್ನನ್ನು ಕರೆದರು. “ಕತ್ತಲಾಗುವಾಗ ನಾನು ಬರುತ್ತೇನೆ. ಅಲ್ಲಿಯವರೆಗೆ ಒಂದನ್ನೂ ಮುಟ್ಟಬೇಡ. ಎಲ್ಲ ಮನೆಗೆ ಬರಲಿ” ಎಂದರು. ಬೆಂಕಿ ಮೊದಲೇ ಬಂದರೆ ಎಂದು ಕೇಳಿದೆ. ಅವರು ಗುಡ್ಡದ ಕಡೆಗೆ ಒಮ್ಮೆ ನೋಡಿದರು. “ಬಂದರೆ ಬಂತು. ನಾವೇನು ಮಾಡುವುದು?” ಎಂದು ಬಸ್ ಹತ್ತಿದರು.

ಆ ಮಾತು ನನಗೆ ನುಂಗಲಾಗಲಿಲ್ಲ. ಏನು ಮಾಡುವುದು ಅಂದರೆ? ಕೈಕಟ್ಟಿ ಕೂರುವುದಾ?

ಮೂರು ಗಂಟೆಗೆ ಬೆಂಕಿ, ಗೂಡುಗಳಿಂದ ಸ್ವಲ್ಪ ಮೇಲೆ ಕಲ್ಲು ಕಡಿದು ಬಿಟ್ಟಿದ್ದ ಕೋರೆಯ ಆಚೆ ದಡಕ್ಕೆ ಬಂತು. ಪ್ರಯೋಗಾಲಯದ ಹಿಂದೆ ನಿಂತರೆ ಮುಖ ಸುಡುತ್ತಿತ್ತು, ಅಕೇಶಿಯಾ ಎಲೆ ಪಟಪಟ ಎನ್ನುವುದು ಕೇಳುತ್ತಿತ್ತು. ಟೀಚರಿಗೆ ಫೋನ್ ಮಾಡಿದೆ, ಕರೆ ಹೋಗಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಕಾವಲಿನವನನ್ನೂ ಸೊಪ್ಪು ಬಡಿಯುತ್ತಿದ್ದ ನಾಲ್ಕು ಹುಡುಗರನ್ನೂ ಕರೆದು, ತೂತುಗಳಿಗೆ ಹತ್ತಿ ತುರುಕಿಸಿ, ಹದಿನೆಂಟನ್ನೂ ಹೊತ್ತು ಬ್ಯಾಂಕಿನ ಹಿಂದಿನ ಕೋಣೆಗೆ ಸಾಗಿಸಿದೆ. ಮಡಕೆಯನ್ನು ನಾನೇ ಎತ್ತಿಕೊಂಡೆ. ಹೊರಗೆ ಹೋಗಿದ್ದವು ಬಂದು ಖಾಲಿ ಕಟ್ಟೆಯ ಮೇಲೆ ಸುತ್ತತೊಡಗಿದ್ದನ್ನು ಕಂಡೆ. ಕಂಡೂ ನಡೆದೆ. ಉಳಿದವಾದರೂ ಬದುಕಲಿ ಎಂದುಕೊಂಡೆ, ಎದೆಯುಬ್ಬಿಸಿಕೊಂಡೆ ಕೂಡ.

ಐದು ಗಂಟೆಗೆ ಗಾಳಿ ತಿರುಗಿತು. ಬೆಂಕಿ ಕೋರೆಯನ್ನು ದಾಟಲೇ ಇಲ್ಲ. ಗೂಡುಗಳಿದ್ದ ಜಾಗದ ಒಂದು ಹುಲ್ಲುಕಡ್ಡಿಯೂ ಸುಡಲಿಲ್ಲ.

ಪೊಲೀಸರು ರಸ್ತೆ ಮುಚ್ಚಿದ್ದರಿಂದ ಟೀಚರ್ ಆ ಸಂಜೆ ಬರಲಾಗಲಿಲ್ಲ. ನನ್ನ ಬುದ್ಧಿಗೆ ಅಷ್ಟಕ್ಕೇ ನಿಲ್ಲಲು ಏನಾಗಿತ್ತು? ಅವರು ಬರುವುದರೊಳಗೆ ಎಲ್ಲ ಮೊದಲಿನ ಹಾಗಿರಲಿ ಎಂದು ಬೆಳಿಗ್ಗೆ ಬೇಗ ಎದ್ದುಬಂದು ಎಲ್ಲವನ್ನೂ ವಾಪಸ್ ಇಟ್ಟೆ, ಹತ್ತಿ ತೆಗೆದೆ. ಯಾವುದು ಎಲ್ಲಿತ್ತು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ದಿನಾ ಅಲ್ಲೇ ಕೂತು ಉಂಡವಳಲ್ಲವೇ? ನೆನಪಾಗದ ಕಡೆ ನನಗೆ ತೋಚಿದ ಹಾಗೆ ನೀಟಾಗಿ ಸಾಲು ಮಾಡಿದೆ. ಪಾಪ, ಮಡಕೆ ಯಾಕೆ ಬಿಸಿಲಲ್ಲಿ ಎಂದು ಅದನ್ನು ನೆರಳಿಗೆ ಇಟ್ಟೆ. ಅದರ ಕಟ್ಟೆಯ ಮೇಲೆ ಬೇರೆಯದು ಕೂತಿತು.

ಹತ್ತು ಗಂಟೆಗೆ ಟೀಚರ್ ಬಂದಾಗ ನೆಲದ ಮೇಲೆ ಹುಳಗಳು ಉದುರಿ ಬಿದ್ದಿದ್ದವು. ಬಗ್ಗಿ ನೋಡಿದರೆ ಎಲ್ಲ ಜೋಡಿಜೋಡಿ, ಒಂದನ್ನೊಂದು ಕಚ್ಚಿ ಹಿಡಿದೇ ಸತ್ತವು. ಹಳೆಯ ಜಾಗಕ್ಕೆ ಬಂದವು ಅಲ್ಲಿ ಕಂಡ ಬೇರೆ ಸಂಸಾರದೊಳಗೆ ನುಗ್ಗುತ್ತಿದ್ದವು, ಒಳಗಿನವು ಕಳ್ಳರೆಂದು ಬಿದ್ದು ಕಚ್ಚುತ್ತಿದ್ದವು. ಗಾಳಿಯಲ್ಲೇ ಕಚ್ಚಿಕೊಂಡು ಕೆಳಗೆ ಬೀಳುತ್ತಿದ್ದವು. ಒಂದು ಸಣ್ಣ ಸದ್ದೂ ಇಲ್ಲ.

ಟೀಚರ್ ಕುಕ್ಕರಗಾಲಿನಲ್ಲಿ ಕೂತರು. ಒಂದು ಜೋಡಿಯನ್ನು ಅಂಗೈಗೆ ಎತ್ತಿಕೊಂಡು ಕೇಳಿದರು, “ಎಷ್ಟು ಗಂಟೆಗೆ ತೆಗೆದದ್ದು?”

“ಆರೂವರೆಗೆ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಜಾಗ ಬದಲಿಸಿದರೆ ನಿಲ್ಲುತ್ತದಾ, ನೀರು ಹಾಕಲಾ, ಹೊಗೆ ಹಾಕಲಾ ಎಂದು ನಾನು ಬಡಬಡಿಸಿದೆ. ಈಗ ಏನು ಮಾಡಿದರೂ ಇನ್ನಷ್ಟು ಗಲಿಬಿಲಿ ಎಂದರು. ಸಂಜೆ ಎಲ್ಲ ಒಳಗಾಗುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಒಂದೊಂದನ್ನೇ ಅದರದರ ಜಾಗಕ್ಕೆ ಇಟ್ಟರು. ಕ್ಷಮಿಸಿ ಟೀಚರ್ ಎಂದೆ. ಸಾರ ಇಲ್ಲ ಅಂದಾರು ಎಂದು ಕಾದೆ. ಅವತ್ತು ಅವರು ಅದನ್ನು ಹೇಳಲಿಲ್ಲ.

ಹದಿನೆಂಟರಲ್ಲಿ ಏಳು ಉಳಿದವು. ಮಡಕೆ ಎರಡು ವಾರ ನರಳಿ ಸುಮ್ಮನಾಯಿತು. ಅಮ್ಮನ ಕೈಯಲ್ಲಿ ಬೆಳೆದು, ಅಷ್ಟು ದೂರ ರೈಲಿನಲ್ಲಿ ಬಂದದ್ದನ್ನು ಬೆಂಕಿ ಮುಟ್ಟಲಿಲ್ಲ, ನಾನು ಮುಗಿಸಿದೆ. ನಿವೃತ್ತಿಯ ದಿನ ಟೀಚರ್ ಆ ಖಾಲಿ ಮಡಕೆಯನ್ನು ತೊಳೆಯದೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಒಯ್ದರು. ಪೆಟ್ಟಿಗೆಗಳಲ್ಲಿ ಒಂದನ್ನು ಮಾತ್ರ ಜೊತೆಗೆ ತೆಗೆದುಕೊಂಡರು. ಯಾವುದು ಎಂದು ನಾನು ಕೇಳಲಿಲ್ಲ, ಕೇಳಲು ಮುಖವಿರಲಿಲ್ಲ.

ಅವರು ತ್ರಿಪ್ಪುಣಿತ್ತುರದಲ್ಲಿದ್ದ ಮಗಳ ಮನೆಗೆ ಹೋದರು. ಮರುವರ್ಷ ನನಗೂ ಕೊಚ್ಚಿಗೆ ವರ್ಗವಾಯಿತು, ಕಲೂರಿನಲ್ಲಿ ಮನೆ ಹಿಡಿದೆ. ಹೋಗಬೇಕು, ಕೂತು ಹೇಳಬೇಕು, ಆರೂವರೆಯಲ್ಲ ಟೀಚರ್ ಎನ್ನಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಿದ್ದೆ. ಮೆಟ್ರೋದಲ್ಲಿ ಅರ್ಧ ಗಂಟೆ. ಎರಡು ವರ್ಷ ಆ ಅರ್ಧ ಗಂಟೆ ನನಗೆ ಸಿಗಲಿಲ್ಲ... ಬೆಂಕಿ ಬರುವ ಮೊದಲೇ ಓಡಿದ ಕಾಲು ಇದಕ್ಕೆ ಏಳಲಿಲ್ಲ.

ಕಳೆದ ವಾರ ಅವರ ಮಗಳ ಫೋನ್ ಬಂತು. ಅಮ್ಮ ಮಳೆಗಾಲದಲ್ಲೇ ತೀರಿಹೋದರು, ನಾವೀಗ ಮನೆ ಖಾಲಿ ಮಾಡುತ್ತಿದ್ದೇವೆ, ಒಂದು ಪೆಟ್ಟಿಗೆ ನಿಮ್ಮದಂತೆ, ಒಯ್ಯಬೇಕು ಎಂದಳು. ಮಧ್ಯಾಹ್ನ ಹೋದೆ. ಹಿಂದಿನ ಸೂರಿನ ಕೆಳಗೆ ಪೆಟ್ಟಿಗೆ ಇತ್ತು. ಮುಚ್ಚಳದ ಮೇಲೆ ಮಾಸಿದ ಅಕ್ಷರದಲ್ಲಿ ‘ಬ್ಯಾಂಕ್’. ಪಕ್ಕದಲ್ಲಿ ಆ ಮಡಕೆ, ಖಾಲಿ.

ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಚಹಾ ಕೊಡುತ್ತ, ಅಮ್ಮ ನಿಮ್ಮ ಬಗ್ಗೆ ಹೇಳುತ್ತಿದ್ದರು ಎಂದಳು. ಬೆಂಕಿ ಎದುರಿಗೇ ಇರುವಾಗ ಮೂರು ಗಂಟೆಯ ಬಿಸಿಲಲ್ಲಿ ಹದಿನೆಂಟನ್ನೂ ಹೊತ್ತವಳು, ತನಗೆ ಆ ಧೈರ್ಯ ಇರಲಿಲ್ಲ ಎನ್ನುತ್ತಿದ್ದರಂತೆ.

ಮೂರು ಗಂಟೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಕಾವಲಿನವನು ಹೇಳಿದ್ದನೋ, ಹುಳಗಳನ್ನು ನೋಡಿಯೇ ತಿಳಿದರೋ. ಗೊತ್ತಿದ್ದೂ ಕೇಳಿದ್ದರು, ಗೊತ್ತಿದ್ದೂ ಸುಮ್ಮನಿದ್ದರು. ಲೋಟ ಕೆಳಗಿಟ್ಟು ಅತ್ತುಬಿಟ್ಟೆ.

ಆಟೋ ಕರೆಯಲಾ ಎಂದು ಅವಳು ಕೇಳಿದಳು. ಬೇಡ, ಸಂಜೆಯಾಗಲಿ ಎಂದೆ. ಹಿತ್ತಲಿನ ಮೆಟ್ಟಿಲಲ್ಲಿ ಮೂರು ಗಂಟೆ ಹೊತ್ತು ಕೂತೆ. ಬಿಸಿಲು ಇಳಿಯಿತು. ಒಂದೊಂದಾಗಿ ಬಂದವು, ಕೊನೆಗೆ ಬರುವುದು ನಿಂತಿತು. ತೂತಿಗೆ ಹತ್ತಿ ಒತ್ತಿದೆ. ಆಮೇಲೆ ಒಂದು ಬಂತು, ನನ್ನ ಬೆರಳ ತುದಿಯಲ್ಲೇ ಸುತ್ತತೊಡಗಿತು. ಹತ್ತಿ ತೆಗೆದೆ, ಒಳಗೆ ಹೋಯಿತು.

“ಮೂರು ಗಂಟೆಗೆ ತೆಗೆದದ್ದು, ಟೀಚರ್” ಎಂದೆ.

ಸಾರ ಇಲ್ಲ ಎನ್ನಲು ಅಲ್ಲಿ ಯಾರೂ ಇರಲಿಲ್ಲ.