ಮುಳುಗಿದ ಹಡಗಿನ ಹೆಸರು

ಕ್ಯೂ, ಲಂಡನ್, 1998

ಇಲ್ಲಿನ ಹಳೆಯ ದಾಖಲೆಗಳ ಕಚೇರಿಯೊಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನನ್ನನ್ನು ಕರೆತಂದವರು ಗ್ರೀನ್‌ಫರ್ಡಿನಲ್ಲಿ ನಾನು ಉಳಿದುಕೊಂಡಿರುವ ಮನೆಯ ಸಿಸಿಲಿಯಾಬಾಯಿ. ಅವರ ಅಪ್ಪ ಯುದ್ಧಕಾಲದಲ್ಲಿ ಬ್ರಿಟಿಷ್ ಸರಕು ಹಡಗಿನ ಅಡುಗೆಯವರು. ಹಡಗಿನೊಂದಿಗೇ ಮುಳುಗಿದರೆಂದು ಮನೆಗೆ ತಂತಿ ಬಂದಿತ್ತು. ಆ ಹಡಗನ್ನು ಮುಳುಗಿಸಿದ ಜರ್ಮನ್ ಸಬ್‌ಮರೀನಿನ ಕಮಾಂಡರ್ ಬರೆದ ದಿನಚರಿಯ ಇಂಗ್ಲಿಷ್ ಅನುವಾದ ಈಗ ನಮ್ಮ ಮೇಜಿನ ಮೇಲಿತ್ತು.

ಕಮಾಂಡರ್ ಅಚ್ಚುಕಟ್ಟಿನ ಮನುಷ್ಯ. ಮುಳುಗಿಸಿದ ಪ್ರತಿ ಹಡಗಿನ ಹೆಸರನ್ನೂ ಬರೆದಿದ್ದಾನೆ. ಗೊತ್ತಿಲ್ಲದಿದ್ದರೆ ಬದುಕುಳಿದವರನ್ನೇ ಕೇಳಿ ಬರೆದಿದ್ದಾನೆ. ಸಿಸಿಲಿಯಾಬಾಯಿಯವರ ಅಪ್ಪನ ಹಡಗು ಮುಳುಗಿದ ದಿನದ ಪುಟದಲ್ಲಿ ಹೀಗಿತ್ತು: ‘ದೋಣಿಯಲ್ಲಿದ್ದ ಒಬ್ಬ ಭಾರತೀಯನನ್ನು ಕೇಳಿದೆ. ಹಡಗಿನ ಹೆಸರು ಕಲ್ಯಾಣಪುರ.’ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು: ‘ಈ ಹೆಸರಿನ ಹಡಗಿಲ್ಲ.’

“ಅದು ಹಡಗಲ್ಲ ಮಾರಾಯ್ರೆ, ನಮ್ಮ ಊರು,” ಎಂದರು ಸಿಸಿಲಿಯಾಬಾಯಿ. “ಯಾರು ಏನು ಕೇಳಿದ್ರೂ ನಮ್ಮವರು ಮೊದ್ಲು ಊರು ಹೇಳುದು. ಆ ಹಡಗಲ್ಲಿ ಕಲ್ಯಾಣಪುರದವ್ರು ಅಪ್ಪ ಒಬ್ರೇ.”

ದೋಣಿ ಏನಾಯಿತೆಂದು ನೋಡಲು ಪುಟ ತಿರುಗಿಸಿದೆ. ಕಮಾಂಡರ್ ಆಗಲೇ ಬೇರೊಂದು ಹಡಗಿನ ಬೆನ್ನು ಹತ್ತಿದ್ದ. ಸಿಸಿಲಿಯಾಬಾಯಿ ಮತ್ತೆ ಹಿಂದಿನ ಪುಟ ತೆರೆದರು.

“ದೋಣಿ ಹತ್ತಿದ್ರು ಅಪ್ಪ,” ಎಂದರು.