ಬೀಗಕ್ಕೆ ಬಂದ ಹೊಸ ಹೆಸರು

ಬೀಗದಕ್ಕನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಬಂದ ಮನೆಯ ಹಿಂಬದಿಯಲ್ಲೇ ಮಾವನ ಬೀಗದ ಕಾರ್ಖಾನೆಯಿತ್ತು. ಅರ ಹಿಡಿದು ಕೀಲಿಕೈಯ ಹಲ್ಲು ಉಜ್ಜುವುದನ್ನು ಮಾವನ ಪಕ್ಕ ಕೂತೇ ಕಲಿತಳು. ಪ್ರತಿ ಬೀಗದ ಮೇಲೂ ‘ಭದ್ರ’ ಎಂಬ ಅಚ್ಚು. ಹೆಸರಿಟ್ಟವರು ಮಾವನೇ.

ಒಂದು ವರ್ಷ ಗಂಡ ಅಗ್ಗಕ್ಕೆ ಸಿಕ್ಕಿತೆಂದು ಸತ್ವವಿಲ್ಲದ ಸ್ಪ್ರಿಂಗ್ ತಂದು ಹಾಕಿಸಿದ. ಜಗ್ಗಿದರೆ ಸಾಕು, ಬೀಗ ಬಾಯಿಬಿಡುತ್ತಿತ್ತು. ಹೊಟ್ಟೆಯಲ್ಲಿ ಗುಟ್ಟು ನಿಲ್ಲದವರನ್ನೆಲ್ಲ ಜನ “ಭದ್ರ ಬೀಗ” ಎಂದು ಆಡಿಕೊಳ್ಳತೊಡಗಿದರು. ಅಂಗಡಿಗಳಿಂದ ಪೆಟ್ಟಿಗೆಗಟ್ಟಲೆ ಮಾಲು ವಾಪಸು ಬಂತು.

“ಹೆಸರು ಬದಲಾಯಿಸಿಬಿಡೋಣ,” ಎಂದ ಗಂಡ.

“ಹೆಸರು ಬದಲಾಯಿಸಿದ್ರೆ ಬೀಗ ಬಿಗಿಯಾಗುತ್ತೇನ್ರೀ? ಮೊದಲು ಸ್ಪ್ರಿಂಗ್ ಬದಲಾಯಿಸಿ,” ಎಂದಳು ಆಕೆ.

ಮಾವ ಇಬ್ಬರ ಮೇಲೂ ಸಿಡುಕಿದರು. “ಸ್ಪ್ರಿಂಗ್ ಏನಾದ್ರೂ ಮಾಡ್ಕೊಳ್ಳಿ. ನಾನಿಟ್ಟ ಹೆಸರಿನ ತಂಟೆಗೆ ಬರಬೇಡಿ.”

ಸ್ಪ್ರಿಂಗ್ ಬದಲಾಯಿತು. ಒಳಗಿನ ಕೊಂಡಿಯನ್ನೂ ಆಕೆ ದಪ್ಪ ಮಾಡಿದಳು. ಬೀಗ ಕಲ್ಲಿನಂತಾಯಿತು. ಆದರೂ ಅಂಗಡಿಯವರು ಅಚ್ಚು ನೋಡಿದೊಡನೆ ನಕ್ಕು ತಲೆಯಾಡಿಸುತ್ತಿದ್ದರು. ಗಂಡ ಹೇಳಿದ್ದರಲ್ಲೂ ಅರ್ಧ ನಿಜವಿತ್ತೆಂದು ಆಕೆಗೆ ಆಗ ಹೊಳೆಯಿತು. ಒಮ್ಮೆ ನಗೆಪಾಟಲಾದ ಹೆಸರನ್ನು ಯಾರೂ ಬಾಗಿಲಿಗೆ ತೂಗಿಹಾಕರು.

ಅಚ್ಚು ಹಾಕದ ಬೀಗವೊಂದನ್ನು ಚೀಲಕ್ಕಿಳಿಸಿ, “ಮಾವ, ನೀವೂ ಬನ್ನಿ,” ಎಂದು ಮಾರುಕಟ್ಟೆಗೆ ಹೊರಟಳು. ಹಾರ್ಡ್‌ವೇರ್ ಅಂಗಡಿಯವನನ್ನು ಒಪ್ಪಿಸಿ, ಅವನ ಕಬ್ಬಿಣದ ಬಾಗಿಲಿಗೆ ಬೀಗ ಜಡಿದಳು.

“ಯಾರಾದ್ರೂ ಜಗ್ಗಿ ತೆಗೀರಿ, ನೋಡೋಣ!”

ಮೂಟೆ ಹೊರುವ ಹಮಾಲಿಯೊಬ್ಬ ತೋಳೇರಿಸಿ ಬಂದ. ಬಾಗಿಲಿಗೆ ಕಾಲು ಕೊಟ್ಟು ಜಗ್ಗಿದ. ಚಿಲಕ ಬಾಗಿತು, ಬೀಗ ಜಗ್ಗಲಿಲ್ಲ. ಕೊನೆಗೆ ಏದುಸಿರು ಬಿಡುತ್ತಾ ಅಲ್ಲೇ ಕುಕ್ಕರಿಸಿದ.

“ಜಪ್ಪಯ್ಯ ಅಂದ್ರೂ ಬರಲ್ಲ ಕಣಕ್ಕಾ ಇದು!”

ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

“ಯಾವ ಕಂಪನೀದಮ್ಮಾ ಇದು?” ಅಂಗಡಿಯವನು ಕೇಳಿದ. ಆಕೆ ಮಾವನತ್ತ ನೋಡಿದಳು.

ಮಾವ ಎದೆಯುಬ್ಬಿಸಿ ಮುಂದೆ ಬಂದರು. “‘ಜಪ್ಪಯ್ಯ’ ಕಂಪನೀದು. ಎಷ್ಟು ಬೇಕು ಹೇಳಿ.”

ಹೊಸ ಅಚ್ಚನ್ನು ಅವರೇ ಕೆತ್ತಿದರು. “ನೀವು ಆ ಭದ್ರದವರೇ ಅಲ್ವಾ?” ಎಂದು ಕೇಳಿದವರಿಗೆ ಬೀಗದಕ್ಕ, “ಹೌದು, ಅವರೇ. ಜಗ್ಗಿ ನೋಡಿ, ಆಮೇಲೆ ತಗೊಳ್ಳಿ,” ಎನ್ನುತ್ತಿದ್ದಳು. ಜಗ್ಗಿದವರು ಬೀಗ ಕೊಂಡೇ ಹೋದರು. ದೊಡ್ಡ ಗೋದಾಮೊಂದು ತನ್ನ ಎಲ್ಲ ಬಾಗಿಲುಗಳಿಗೂ ಜಪ್ಪಯ್ಯನನ್ನೇ ಕೇಳಿತು. ಆ ಮಾಲು ಲಾರಿಗೇರಿದ ದಿನ, ಲೆಕ್ಕ ಕೇಳಲು ಬಂದ ಚಾಲಕನಿಗೆ ಮಾವ ಸೊಸೆಯನ್ನು ತೋರಿಸಿದರು:

“ನನ್ನನ್ನೇನು ಕೇಳ್ತೀಯಪ್ಪಾ? ಯಜಮಾನಿ ಅಲ್ಲಿದ್ದಾಳೆ.”