ಮೇರಿಯ ಸರದಿಯ ನೀರು

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಾನು ನೀರು ಕದ್ದೆ. ಬಾಗಲೂರು ಕಡೆಯ ನಮ್ಮ ಹೊಲಕ್ಕೂ ಪಕ್ಕದ ಮೇರಿಯ ಹೊಲಕ್ಕೂ ಒಂದೇ ಬೋರ್‌ವೆಲ್. ದಿನ ಹಂಚಿಕೊಂಡಿದ್ದೇವೆ, ಭಾನುವಾರ ಅವಳದು. ಮೋಟಾರ್ ಹಾಕಿ ಅವಳು ಚರ್ಚ್‌ಗೆ ಹೋದದ್ದೇ ತಡ, ನೀರನ್ನು ನನ್ನ ಹುರುಳಿಕಾಯಿ ಗಿಡಕ್ಕೆ ತಿರುಗಿಸಿದೆ.

ಅವಳು ಬಂದಾಗ ಮೊದಲು ಕೂಗಾಡಿದವನೂ ನಾನೇ. "ಭಾನುವಾರ ಬಂದ್ರೆ ಸಾಕು, ಹೊಲ ಬಿಟ್ಟು ಓಡ್ತೀಯ! ನೀರು ಯಾರಮ್ಮ ಕಾಯ್ಬೇಕು?"

"ಬೈಬ್ಯಾಡಣ್ಣ. ನಿಮ್ ಗಿಡ ಬಾಡೋಗಿರೋದು ನಾನೂ ನೋಡ್ದೆ. ಇವತ್ತು ನೀರು ನೀವೇ ಕಟ್ಕಳಿ."

"ಮೊನ್ನೆ ನೆಟ್ಟಿರೋ ನಿನ್ ಸೇವಂತಿಗೆ ಸಸಿ ಸತ್ತೋಗಲ್ವಾ?"

"ಬಿಂದಿಗೇಲಿ ಹುಯ್ತೀನಿ. ಪಕ್ಕದೋರ ಕಷ್ಟ ಕಂಡೂ ಬರೀ ಪ್ರಾರ್ಥನೆ ಮಾಡ್ಬುಟ್ಟು ಬಂದ್ರೆ ಯೇಸಪ್ಪ ಒಪ್ತಾನಾ?"

ಹಾಗೆಂದವಳು ಚರ್ಚ್‌ಗೆ ಉಟ್ಟಿದ್ದ ಸೀರೆಯಲ್ಲೇ ಬಿಂದಿಗೆ ಎತ್ತಿದಳು. ಅವಳು ಒಂದು ಬೈದಿದ್ದರೆ ನಾನು ಹತ್ತು ಬೈಯುತ್ತಿದ್ದೆ. ಈಗ ಬದುವಿನ ಮೇಲೆ ಕೂತು ಅವಳು ಹೊರುವ ಬಿಂದಿಗೆ ಎಣಿಸಿದೆ. ನಾಲ್ಕನೇ ಬಿಂದಿಗೆಗೆ ತಡೆಯಲಾಗದೆ ಎದ್ದು ಹೋಗಿ ನೀರನ್ನು ಅವಳ ಹೊಲಕ್ಕೆ ತಿರುಗಿಸಿದೆ. ಇಷ್ಟು ವರ್ಷ ದೇವರಿಗೆ ಕೈಮುಗಿದಿದ್ದೇನೆ, ಪಕ್ಕದ ಹೊಲಕ್ಕೆ ಒಂದು ಬಿಂದಿಗೆ ನೀರು ಬಿಟ್ಟವನಲ್ಲ.

ಇನ್ನು ಮೇಲೆ ಭಾನುವಾರ ಅವಳು ಚರ್ಚ್‌ನಿಂದ ಬರುವವರೆಗೆ ಅವಳ ನೀರಿಗೆ ನಾನೇ ಕಾವಲು. ಅಲ್ಲಿ ನೀರು ಕದಿಯುವವನು ನಾನೊಬ್ಬನೇ ಆದ್ದರಿಂದ ಕೆಲಸ ಹಗುರ.